ವಿಟಮಿನ್ ಎ: ಖಾಲಿ ರೆಸೆಪ್ಟರ್ ಸುಮ್ನೆ ಕೂರುವುದಿಲ್ಲ

ಬ್ಯಾಡಗಿ ಮೆಣಸಿನಕಾಯಿ ಕೆಂಪಗಿದೆ ಎಂದು ಅದೆಲ್ಲ ವಿಟಮಿನ್ ಎ ಅಂದುಕೊಳ್ಳಬೇಡಿ. ಆ ಕೆಂಪು ಮುಖ್ಯವಾಗಿ ಕ್ಯಾಪ್ಸಾಂಥಿನ್‌ನದು. ಅದೂ ಕ್ಯಾರೊಟಿನಾಯ್ಡ್ ಎಂಬ ಬಣ್ಣದ ವಸ್ತುಗಳ ಗುಂಪಿನದೇ, ಆದರೆ ದೇಹ ಅದರಿಂದ ವಿಟಮಿನ್ ಎ ಮಾಡಿಕೊಳ್ಳಲಾರದು. ಧಾರವಾಡದ ಆಪೂಸ್ ಮಾವು, ಗಜ್ಜರಿ, ನುಗ್ಗೆ ಸೊಪ್ಪಿನಲ್ಲಿರುವ ಬೀಟಾ ಕ್ಯಾರೊಟಿನ್‌ನ ಕಥೆ ಬೇರೆ. ಸಣ್ಣ ಕರುಳಿನಲ್ಲಿ ಅದು ನಟ್ಟನಡುವೆ ತುಂಡಾದರೆ ಎರಡು ರೆಟಿನಲ್ ಸಿಗುತ್ತವೆ.

ವಿಟಮಿನ್ ಎಯ ಮೂರು ರೂಪ ನೆನಪಿಟ್ಟುಕೊಳ್ಳಿ. ರೆಟಿನಾಲ್, ರೆಟಿನಲ್, ರೆಟಿನಾಯಿಕ್ ಆಮ್ಲ. ಮೊದಲ ಎರಡು ಒಂದರಿಂದ ಇನ್ನೊಂದಕ್ಕೆ ಹೋಗಿ ಬರುತ್ತವೆ. ಆದರೆ ರೆಟಿನಲ್ ಒಮ್ಮೆ ಆಮ್ಲವಾಯಿತೆಂದರೆ ಮುಗೀತು, ವಾಪಸ್ ಬರುವ ದಾರಿ ಇಲ್ಲ. 1960ರಲ್ಲಿ ಡೌಲಿಂಗ್ ಮತ್ತು ವಾಲ್ಡ್ ಎಂಬ ವಿಜ್ಞಾನಿಗಳು ಇಲಿಗಳಿಗೆ ವಿಟಮಿನ್ ಎ ಬದಲು ಬರೀ ರೆಟಿನಾಯಿಕ್ ಆಮ್ಲ ಕೊಟ್ಟು ನೋಡಿದರು. ಇಲಿಗಳು ಚೆನ್ನಾಗಿಯೇ ಬೆಳೆದವು, ಆದರೆ ಕುರುಡಾದವು. ನನ್ನ ಪ್ರಕಾರ ಇಡೀ ಪಾಠ ಈ ಪ್ರಯೋಗದಲ್ಲೇ ಇದೆ. ಕಣ್ಣಿಗೆ ರೆಟಿನಲ್ ಬೇಕು, ಅದು ಜೀವಕೋಶದ ಪೊರೆಯಲ್ಲಿರುವ ಆಪ್ಸಿನ್ ಎಂಬ ರೆಸೆಪ್ಟರ್‌ಗೆ (ರೆಸೆಪ್ಟರ್ ಅಂದರೆ ತನಗೆ ಹೊಂದುವ ಅಣುವನ್ನು ಹಿಡಿಯುವ ಪ್ರೋಟೀನ್) ಅಂಟಿಕೊಂಡು ಬೆಳಕು ಹಿಡಿಯುತ್ತದೆ. ಉಳಿದ ದೇಹಕ್ಕೆ ಬೇಕಾದದ್ದು ಆಮ್ಲ, ಅದರ ರೆಸೆಪ್ಟರ್ ಇರುವುದು ನ್ಯೂಕ್ಲಿಯಸ್ ಒಳಗೆ.

ಆ ರೆಸೆಪ್ಟರ್ ಹೆಸರು ಆರ್‌ಎಆರ್, ಅಂದರೆ ರೆಟಿನಾಯಿಕ್ ಆಸಿಡ್ ರೆಸೆಪ್ಟರ್. 1987ರಲ್ಲಿ ಫ್ರಾನ್ಸಿನ ಪಿಯರ್ ಶಾಂಬೊನ್ ತಂಡ, ಅಮೆರಿಕದ ರೊನಾಲ್ಡ್ ಇವಾನ್ಸ್ ತಂಡ ಬೇರೆ ಬೇರೆಯಾಗಿಯೇ ಇದನ್ನು ಗುರುತಿಸಿದವು. ಇದು ಒಂಟಿಯಾಗಿ ಕೆಲಸ ಮಾಡುವುದಿಲ್ಲ, ತನ್ನದೇ ಬಳಗದ ಇನ್ನೊಂದು ರೆಸೆಪ್ಟರ್ ಆದ ಆರ್‌ಎಕ್ಸ್‌ಆರ್ ಜೊತೆಗೂಡಿ ಡಿಎನ್‌ಎ ಮೇಲೆ ಕೂರುತ್ತದೆ. ಕೂರುವ ಜಾಗದಲ್ಲಿ ಆರು ಅಕ್ಷರಗಳ ಒಂದು ಸಾಲು ಎರಡು ಸಲ ಬರುತ್ತದೆ. ನಡುವೆ ಸಾಮಾನ್ಯವಾಗಿ 5 ಅಕ್ಷರದ ಅಂತರ, ಕೆಲವೆಡೆ 2 ಅಥವಾ 1.

ಧಾರವಾಡದಲ್ಲಿ ಕೂಡಿ ಓದುವ ನಮ್ಮ ಗುಂಪಿನಲ್ಲಿ ಜಾಸ್ತಿ ಗೊಂದಲ ಆಗುವುದು ಇಲ್ಲೇ. ಆಮ್ಲ ಬಂದ ಮೇಲೆ ರೆಸೆಪ್ಟರ್ ಹೋಗಿ ಡಿಎನ್‌ಎ ಹಿಡಿಯುತ್ತದೆ ಎಂದು ಬರೆದುಬಿಡುತ್ತಾರೆ. ಹಾಗಲ್ಲ. ಎಷ್ಟೋ ಜೀನ್‌ಗಳ ಮೇಲೆ ಈ ಜೋಡಿ ಮೊದಲೇ ಕೂತಿರುತ್ತದೆ. ಖಾಲಿ ಇದ್ದಾಗ, ಜೀನ್ ಮುಚ್ಚಿಡುವ ಕೋರೆಪ್ರೆಸರ್ ಪ್ರೋಟೀನ್‌ಗಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಅವುಗಳ ಜೊತೆ ಬರುವ ಕಿಣ್ವಗಳು ಹಿಸ್ಟೋನ್‌ಗಳ (ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್‌ಗಳ) ಅಸಿಟೈಲ್ ಗುಂಪು ಕಿತ್ತುಹಾಕುತ್ತವೆ. ಡಿಎನ್‌ಎ ಬಿಗಿಯಾಗುತ್ತದೆ, ಜೀನ್ ಮುಚ್ಚಿಯೇ ಇರುತ್ತದೆ. ಆಮ್ಲ ಒಳಹೊಕ್ಕಾಗ ರೆಸೆಪ್ಟರ್‌ನ ತುದಿಯಲ್ಲಿರುವ 12ನೇ ಸುರುಳಿ ಮಡಚಿಕೊಳ್ಳುತ್ತದೆ. ಆಗ ಕೋರೆಪ್ರೆಸರ್ ಕಳಚಿ ಬೀಳುತ್ತದೆ, ಜೀನ್ ತೆರೆಸುವ ಕೋಆಕ್ಟಿವೇಟರ್ ಪ್ರೋಟೀನ್ ಬಂದು ಹಿಡಿಯುತ್ತದೆ, ಜೀನ್ ತೆರೆಯುತ್ತದೆ.

ಭ್ರೂಣದಲ್ಲಿ ಯಾವ ಅಂಗ ಎಲ್ಲಿ ಬರಬೇಕು ಎಂಬುದರಲ್ಲೂ ಇದೇ ರೆಸೆಪ್ಟರ್‌ಗಳ ಕೈವಾಡ ಇದೆ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆಯೂ ರೆಟಿನಾಯಿಕ್ ಆಮ್ಲದ್ದೇ ಒಂದು ರೂಪ, ಅದು ಗರ್ಭಿಣಿಯರಿಗೆ ಕೂಡದು ಎನ್ನುವುದು ಅದಕ್ಕೇ.

ಖಾಲಿ ರೆಸೆಪ್ಟರ್ ಜೀನ್ ಮುಚ್ಚುತ್ತದೆ ಎಂಬುದು ತಲೆಗೆ ಹೋದರೆ ಎಪಿಎಲ್ (ಅಕ್ಯೂಟ್ ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ) ಎಂಬ ರಕ್ತದ ಕ್ಯಾನ್ಸರ್ ತಾನಾಗಿಯೇ ಅರ್ಥವಾಗುತ್ತದೆ. ಇದರಲ್ಲಿ 15 ಮತ್ತು 17ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ, ಆರ್‌ಎಆರ್‌ನ ಒಂದು ಬಗೆಯಾದ ಆರ್‌ಎಆರ್ ಆಲ್ಫಾ ಇನ್ನೊಂದು ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ. ಈ ಅಂಟಿದ ಪ್ರೋಟೀನ್ ಕೋರೆಪ್ರೆಸರನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆಂದರೆ, ದೇಹದಲ್ಲಿರುವಷ್ಟು ಆಮ್ಲಕ್ಕೆ ಅದು ಜಗ್ಗುವುದಿಲ್ಲ. ಬಿಳಿ ರಕ್ತಕಣಗಳು ಎಳೆಯ ಹಂತದಲ್ಲೇ ನಿಂತುಬಿಡುತ್ತವೆ. ಮದ್ದಾಗಿ ಜಾಸ್ತಿ ಆಮ್ಲ ಕೊಟ್ಟರೆ ಹಿಡಿತ ಸಡಿಲವಾಗಿ ಅವೇ ಕಣಗಳು ಬಲಿಯುತ್ತವೆ. 1988ರಲ್ಲಿ ಶಾಂಘೈ ವೈದ್ಯರು 24 ರೋಗಿಗಳಲ್ಲಿ ಇದನ್ನು ತೋರಿಸಿದರು. ಆದರೆ ಈ ಆಮ್ಲ ತನ್ನನ್ನೇ ಒಡೆಯುವ ಕಿಣ್ವದ ಜೀನನ್ನೂ ತೆರೆಯುತ್ತದೆ, ಹೀಗಾಗಿ ದಿನ ಕಳೆದಂತೆ ರಕ್ತದಲ್ಲಿ ಮದ್ದಿನ ಮಟ್ಟ ಇಳಿಯುತ್ತದೆ. ಇದೊಂದನ್ನೇ ನಂಬಿದರೆ ಕಾಯಿಲೆ ಮರಳುತ್ತದೆ. ಅದಕ್ಕೇ ಈಗ ಜೊತೆಗೆ ಆರ್ಸೆನಿಕ್ ಟ್ರೈಆಕ್ಸೈಡ್ ಕೊಡುತ್ತಾರೆ. ಅದು ಆ ಅಂಟಿದ ಪ್ರೋಟೀನನ್ನೇ ನಾಶ ಮಾಡುತ್ತದೆ.