ಕಾರ್ಬನ್ ಅಂದ್ರೆ ಯಾವ ಕಾರ್ಬನ್?

ಅಕ್ಕನ ಮಗ ಬೀದರ್‌ನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಹೋದ ಸಲ ಕಲಬುರಗಿಗೆ ಬಂದಾಗ ಊಟ ಮುಗಿಸಿ ಮೊಬೈಲ್ ನನ್ನ ಮುಂದೆ ಹಿಡಿದ. "ಮಾಮಾ, ಇದು ಕಾರ್ಬನ್ ಗಿಟಾರ್ ಅಂತ ಬರ್ದಾರ. ಖರೇನ ಕಾರ್ಬನ್ ಏನು?" ಅಂತ ಕೇಳಿದ. ನೋಡಿದೆ. ಕರಿ ಬಣ್ಣದ ಪುಟ್ಟ ಗಿಟಾರ್. ಅದರ ಕೆಳಗೆ ಗಿಟಾರ್‌ಗಿಂತ ಉದ್ದದ ಹೆಸರು: ಕಾರ್ಬನ್ ಫೈಬರ್ ಅಕೌಸ್ಟಿಕ್-ಎಲೆಕ್ಟ್ರಿಕ್ ಟ್ರಾವೆಲ್ ಗಿಟಾರ್.

ಅವನು ಕೇಳಿದ್ದು ಒಂದೇ ಪದದ ಬಗ್ಗೆ. ಆದರೆ ಆ ಹೆಸರಿನ ಒಂದೊಂದು ಪದಕ್ಕೂ ಬೇರೆ ಬೇರೆ ಕೆಲಸ ಇದೆ. ಒಂದು ಪದ ಮೈ ಯಾವುದರಿಂದ ಆಗಿದೆ ಅಂತ ಹೇಳುತ್ತದೆ. ಇನ್ನೊಂದು, ದನಿ ಹೊರಗೆ ಬರುವ ದಾರಿ ಹೇಳುತ್ತದೆ. ಕೊನೆಯದು ಅಳತೆ ಹೇಳುತ್ತದೆ. ಇವನ್ನು ಕಲಸಿಕೊಂಡರೆ ಒಂದಕ್ಕೆ ದುಡ್ಡು ಕೊಟ್ಟು ಇನ್ನೊಂದನ್ನು ಮನೆಗೆ ತರುತ್ತೇವೆ. ಹಾಗಾಗಿ ಅವತ್ತು ಮಧ್ಯಾಹ್ನ ಅವನ ಜೊತೆ ಕೂತು ಹೆಸರನ್ನು ಬಿಡಿಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾರ್ಬನ್ ಎಲ್ಲರಿಗೂ ಗೊತ್ತು. ಇದ್ದಿಲು ಕಾರ್ಬನ್, ಪೆನ್ಸಿಲಿನ ಕಡ್ಡಿಯಲ್ಲಿರುವುದೂ ಕಾರ್ಬನ್. ಫೈಬರ್ ಅಂದರೆ ಎಳೆ. ಪಾಲಿಅಕ್ರಿಲೋನೈಟ್ರೈಲ್ ಎಂಬ ನೂಲು ಇದೆ. ಸ್ವೆಟರ್ ಹೆಣೆಯುವ ಅಕ್ರಿಲಿಕ್ ಉಣ್ಣೆಯ ಬಳಗದ್ದೇ. ಅದನ್ನು ಮೊದಲು ಹದವಾಗಿ ಕಾಯಿಸಿ, ಆಮೇಲೆ ಗಾಳಿ ಸೋಕದ ಕುಲುಮೆಯಲ್ಲಿ ಸಾವಿರ ಡಿಗ್ರಿಗೂ ಮೇಲೆ ಕಾಯಿಸಿದರೆ ಬೇರೆಲ್ಲ ಹಾರಿಹೋಗಿ ಹೆಚ್ಚುಕಡಿಮೆ ಬರೀ ಕಾರ್ಬನ್ ಉಳಿಯುತ್ತದೆ. ಒಂದು ಎಳೆಯ ದಪ್ಪ 5ರಿಂದ 10 ಮೈಕ್ರಾನ್. ತಲೆಕೂದಲಿಗೆ ಹೋಲಿಸಿದರೆ ಸುಮಾರು ಹತ್ತರಲ್ಲಿ ಒಂದು ಪಾಲು. ಒಂಟಿ ಎಳೆಯಿಂದ ಏನೂ ಆಗದು. ಸಾವಿರಾರು ಎಳೆ ಸೇರಿಸಿ ಬಟ್ಟೆ ನೇಯ್ದು, ಅದಕ್ಕೆ ಎಪಾಕ್ಸಿ ಅಂಟು ಕುಡಿಸಿ, ಅಚ್ಚಿನ ಮೇಲೆ ಹಾಸಿ ಗಟ್ಟಿ ಮಾಡಿದಾಗ ಅದು ಉಕ್ಕಿನ ಕಾಲು ಭಾಗವೂ ತೂಕ ಇಲ್ಲದ, ಆದರೆ ಬಗ್ಗಿಸಿದರೆ ಬಗ್ಗದ ಹಾಳೆ ಆಗುತ್ತದೆ.

ಇದಕ್ಕೆ ನಮ್ಮ ಕಡೆ ಸರಿಯಾದ ಹೋಲಿಕೆ ಕೌದಿ. ಅಜ್ಜಿ ಹಳೆ ಸೀರೆ, ಧೋತರ ಪದರ ಪದರವಾಗಿ ಹಾಸಿ ಹೊಲಿಯುತ್ತಾಳಲ್ಲ, ಹಾಗೆ. ಒಂದೊಂದೇ ಪದರ ತೆಳು. ಎಲ್ಲ ಸೇರಿದರೆ ಎಳೆದರೂ ಹರಿಯದ ಹೊದಿಕೆ. ಕಾರ್ಬನ್ ಬಟ್ಟೆಯನ್ನೂ ಒಂದು ಪದರ ಉದ್ದಕ್ಕೆ, ಇನ್ನೊಂದು ಓರೆಗೆ ಹಾಸುತ್ತಾರೆ. ಯಾವ ದಿಕ್ಕಿಗೆ ಬಲ ಬೇಕೋ ಆ ದಿಕ್ಕಿಗೆ ಎಳೆ.

ಈಗ ಅಳಿಯನ ಪ್ರಶ್ನೆಗೆ ಬರುತ್ತೇನೆ. ಮಾರುಕಟ್ಟೆಯಲ್ಲಿ ಇದೇ ಹೆಸರಿಟ್ಟುಕೊಂಡು ಇನ್ನೊಂದು ವಸ್ತು ಇದೆ. ಕಾರ್ಬನ್ ಎಳೆಗಳನ್ನು ಚಿಕ್ಕ ಚಿಕ್ಕದಾಗಿ ಕತ್ತರಿಸಿ, ಕರಗಿದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್‌ಗೆ ಬೆರೆಸಿ, ಅಚ್ಚಿನೊಳಗೆ ಒತ್ತಡದಿಂದ ತುಂಬುತ್ತಾರೆ. ಇದು ಕೌದಿ ಅಲ್ಲ, ಮಣ್ಣಿನ ಗೋಡೆ. ಜೋಳದ ಕಣಿಕಿ ಕತ್ತರಿಸಿ ಕೆಸರಿಗೆ ಹಾಕಿ ತುಳಿದು ಗೋಡೆ ಕಟ್ಟುತ್ತಿದ್ದರಲ್ಲ, ಆ ಕ್ರಮ. ಕಣಿಕಿ ಇದ್ದರೆ ಗೋಡೆ ಬಿರಿಯುವುದು ಕಮ್ಮಿ, ಆದರೆ ಗೋಡೆಯ ಹೆಚ್ಚಿನ ಪಾಲು ಮಣ್ಣೇ. ಈ ಗಿಟಾರ್‌ನಲ್ಲೂ ಹೆಚ್ಚಿನ ಪಾಲು ಪ್ಲಾಸ್ಟಿಕ್ಕೇ. ಚೀನಾದ ಎನ್ಯಾ ಕಂಪನಿಯ ನೋವಾ ಗಿಟಾರ್‌ಗಳು ಈ ಬಗೆಯವು. ಕಂಪನಿಯವರೇ ಪಾಲಿಕಾರ್ಬೊನೇಟ್ ಮಿಶ್ರಣ ಅಂತ ವಿವರದಲ್ಲಿ ಬರೆಯುತ್ತಾರೆ. ಆದರೆ ಅಂಗಡಿ ಮಾತಿನಲ್ಲಿ ಅದೆಲ್ಲ ಬಿದ್ದುಹೋಗಿ ಬರೀ 'ಕಾರ್ಬನ್' ಉಳಿಯುತ್ತದೆ. ಅಮೆರಿಕದ ರೇನ್‌ಸಾಂಗ್, ಐರ್ಲೆಂಡ್‌ನ ಎಮರಾಲ್ಡ್ ಗಿಟಾರ್‌ಗಳ ಮೈ ಬಟ್ಟೆ ಹಾಸಿ ಮಾಡಿದ್ದು. ಅಂಥದ್ದು ನಮ್ಮ ಕೈಗೆ ಬರುವ ಹೊತ್ತಿಗೆ ಲಕ್ಷ ದಾಟುವುದು ಸಾಮಾನ್ಯ. ಮಿಶ್ರಣದ್ದು ಅದರ ಸಣ್ಣ ಪಾಲಿಗೆ ಸಿಗುತ್ತದೆ.

ಎರಡನ್ನೂ ಗುರುತಿಸುವುದು ಹೇಗೆ? ವಿವರದಲ್ಲಿ ಪಾಲಿಕಾರ್ಬೊನೇಟ್ ಅನ್ನುವ ಮಾತು ಹುಡುಕಿ, ಇದ್ದರೆ ಅದು ಮಿಶ್ರಣದ್ದು. ಗಿಟಾರ್ ಕೈಗೆ ಸಿಕ್ಕರೆ ಮೊಬೈಲ್ ಟಾರ್ಚ್ ಹಚ್ಚಿ ರಂಧ್ರದೊಳಗೆ ನೋಡಿ. ಹಾಸಿದ್ದಾದರೆ ಒಳಗೋಡೆಯಲ್ಲಿ ಸಾಮಾನ್ಯವಾಗಿ ಬಟ್ಟೆಯ ನೇಯ್ಗೆ, ಅಂಟಿನ ಒರಟು ಕಾಣುತ್ತದೆ. ಅಚ್ಚಿನದ್ದಾದರೆ ಪ್ಲಾಸ್ಟಿಕ್ ಕುರ್ಚಿಯ ಅಡಿಭಾಗದಂತೆ ನುಣುಪು ಏಣುಗಳು ಇರುತ್ತವೆ. ಹೊರಗಡೆಯ ಚೌಕಳಿ ನೋಡಿ ಮಾತ್ರ ನಂಬಬೇಡಿ. ಅದು ಚಿತ್ರವೂ ಆಗಿರಬಹುದು.

ಮಿಶ್ರಣದ್ದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬಟ್ಟೆ ಹಾಸಿದ್ದು ತೆಳುವಾಗಿದ್ದೂ ಬಿಗಿ, ಹಾಗಾಗಿ ಬೆರಳು ತಾಗಿದ ಕೂಡಲೇ ಸ್ಪಷ್ಟವಾಗಿ, ಜೋರಾಗಿ ನುಡಿಯುತ್ತದೆ. ಪ್ಲಾಸ್ಟಿಕ್ ಸ್ವಲ್ಪ ದನಿ ನುಂಗುತ್ತದೆ. ಕಲಿಯುವ ಹುಡುಗನಿಗೆ ಅದೇನು ದೊಡ್ಡ ಕೊರತೆ ಅಲ್ಲ. ಎರಡೂ ಕಟ್ಟಿಗೆಯ ಹಾಗೆ ನುಡಿಯುವುದಿಲ್ಲ ಅನ್ನುವುದೂ ಗೊತ್ತಿರಲಿ. ಒಳ್ಳೆ ಕಟ್ಟಿಗೆ ಗಿಟಾರ್ ನುಡಿಸಿದಷ್ಟೂ ವರ್ಷ ವರ್ಷಕ್ಕೆ ಬಿಚ್ಚಿಕೊಳ್ಳುತ್ತದೆ ಅಂತ ನುಡಿಸುವವರು ಹೇಳುತ್ತಾರೆ. ಕಾರ್ಬನ್ ಮೊದಲ ದಿನ ಹೇಗಿತ್ತೋ ಹತ್ತು ವರ್ಷ ಆದ ಮೇಲೂ ಹಾಗೇ.

ಹಾಗಾದರೆ ಇಷ್ಟು ಕಷ್ಟಪಟ್ಟು ಕಾರ್ಬನ್ ಯಾಕೆ? ಉತ್ತರ ನಮ್ಮ ಮನೆಯ ಗೋಡೆಗೆ ನೇತುಹಾಕಿದೆ.

ನನ್ನ ಕಟ್ಟಿಗೆ ಗಿಟಾರ್ ಒಂದು ಮೇ ತಿಂಗಳಲ್ಲಿ ಮೇಲ್ಮನೆಯ ಅಲಮಾರಿಯ ಮೇಲಿತ್ತು. ಮೇಲೆ ಕಾದ ಸ್ಲ್ಯಾಬ್. ಎರಡು ವಾರ ಮುಟ್ಟಿರಲಿಲ್ಲ. ಕೆಳಗಿಳಿಸಿದಾಗ ತಂತಿ ಕಟ್ಟುವ ಬ್ರಿಡ್ಜ್‌ನ ಕೆಳಗೆ ಒಂದು ಕರಿ ಕೂದಲು ಅಂಟಿಕೊಂಡಂತೆ ಕಂಡಿತು. ಊದಿದೆ, ಹೋಗಲಿಲ್ಲ. ಉಗುರಿನಿಂದ ಕೆರೆದೆ. ಉಗುರು ಒಳಗೆ ಸಿಕ್ಕಿಕೊಂಡಿತು. ಮುಂಭಾಗದ ಹಲಗೆ ಎಳೆ ಗುಂಟ ಗೇಣುದ್ದ ಸೀಳಿತ್ತು. ಕುತ್ತಿಗೆಯ ಮೇಲೆ ಕೈ ಜಾರಿಸಿದರೆ, ಅದಕ್ಕೆ ಅಡ್ಡವಾಗಿ ಕೂರಿಸಿದ ಫ್ರೆಟ್ ಎಂಬ ಲೋಹದ ತಂತಿಗಳ ತುದಿ ಅಂಗೈಗೆ ಚುಚ್ಚಿದವು. ಕಟ್ಟಿಗೆ ಒಣಗಿ ಕುಗ್ಗಿತ್ತು, ಲೋಹ ಕುಗ್ಗಿರಲಿಲ್ಲ, ಅಷ್ಟೇ. ಅವತ್ತು ನನಗೆ ಆದ ಸಂಕಟ ಈಗಲೂ ನೆನಪಿದೆ.

ಕಟ್ಟಿಗೆ ಗಿಟಾರ್‌ಗೆ ಹಿತವಾದ ತೇವ ಶೇ. 45ರಿಂದ 55. ನಮ್ಮಲ್ಲಿ ಏಪ್ರಿಲ್, ಮೇ ಮಧ್ಯಾಹ್ನ ಬಿಸಿಲು 42-43 ಡಿಗ್ರಿ ಮುಟ್ಟುತ್ತದೆ, ಗಾಳಿಯ ತೇವ ಅದರ ಅರ್ಧಕ್ಕೂ ಇಳಿಯುತ್ತದೆ. ರಾತ್ರಿ ನೀರಿನ ಕೂಲರ್ ಹಚ್ಚಿದರೆ ಕೋಣೆಯ ತೇವ ಏರುತ್ತದೆ, ಬೆಳಗ್ಗೆ ಬಂದ್ ಮಾಡಿದರೆ ಇಳಿಯುತ್ತದೆ. ಕಟ್ಟಿಗೆ ದಿನಾ ಉಬ್ಬಿ ಕುಗ್ಗಿ ದಣಿಯುತ್ತದೆ. ಮಳೆಗಾಲ ಬಂತೋ, ಹಲಗೆ ಉಬ್ಬಿ ತಂತಿ ಎತ್ತರ ಆಗಿ ಬೆರಳು ನೋಯುತ್ತದೆ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಹಿಡಿಯುತ್ತದಲ್ವಾ? ಅದೇ ಕಾರಣ.

ಕಾರ್ಬನ್ ತೇವ ಹೀರುವುದಿಲ್ಲ. ಬಿಸಿಗೆ ಹಿಗ್ಗುವುದೂ ತೀರಾ ಕಮ್ಮಿ. ಮೇ ಇರಲಿ, ಆಗಸ್ಟ್ ಇರಲಿ, ಕುತ್ತಿಗೆ ಇದ್ದಲ್ಲೇ ಇರುತ್ತದೆ. ರೇನ್‌ಸಾಂಗ್ ಗಿಟಾರ್ ಹುಟ್ಟಿದ್ದೇ ಈ ಚಿಂತೆಯಿಂದ. ಹವಾಯಿಯಲ್ಲಿದ್ದ ವಿಜ್ಞಾನಿ ಜಾನ್ ಡೆಕರ್, ಅಲ್ಲಿನ ಮಳೆಗೆ ಮತ್ತು ತೇವಕ್ಕೆ ಕೆಡದ ಗಿಟಾರ್ ಬೇಕೆಂದು ಕಾರ್ಬನ್ ಹಿಡಿದರು. ಅದಕ್ಕೂ ಮೊದಲು ಹೆಲಿಕಾಪ್ಟರ್ ತಯಾರಿಸುತ್ತಿದ್ದ ಚಾರ್ಲ್ಸ್ ಕಾಮನ್ 1966ರಲ್ಲಿ ಒವೇಶನ್ ಗಿಟಾರ್ ತಂದಿದ್ದರು. ಬೆನ್ನು ಬೋಗುಣಿಯಂತೆ ಉಬ್ಬಿದ್ದು, ಗ್ಲಾಸ್ ಫೈಬರ್‌ದು. 1970ರ ದಶಕದಲ್ಲಿ ಅವರದೇ ಅಡಮಾಸ್ ಮಾದರಿಯ ಮುಂಭಾಗಕ್ಕೆ ಕಾರ್ಬನ್ ಬಂತು. ಅವರಿಗೆ ಮಳೆ, ನಮಗೆ ಬಿಸಿಲು. ಮದ್ದು ಒಂದೇ.

ಆದರೆ ಈ ಪದ ಕೊಡದ ಮಾತುಗಳೂ ಇವೆ. ತಂತಿ ಉಕ್ಕಿನದ್ದೇ. ಬಿಸಿಗೆ ಅದು ಸಡಿಲಾಗಿ ಶ್ರುತಿ ಇಳಿಯುತ್ತದೆ, ಬೆವರಿಗೆ ತುಕ್ಕು ಹಿಡಿಯುತ್ತದೆ. ಮುಚ್ಚಿದ ಕಾರಿನೊಳಗೆ ಬಿಸಿಲಿಗೆ ಬಿಟ್ಟರೆ ಅಂಟು ಮೆತ್ತಗಾಗಬಹುದು. ಕರಿ ಬಣ್ಣ ಬೇರೆ. ಹಾಗೆ ಬಿಡಲೇಬೇಡಿ. ಇನ್ನೊಂದು ದೊಡ್ಡ ಮಾತು ರಿಪೇರಿ. ಕಟ್ಟಿಗೆ ಸೀಳಿದರೆ ಬಲ್ಲವರು ಅಂಟು ಹಾಕಿ ಕೂಡಿಸುತ್ತಾರೆ. ಕಾರ್ಬನ್ ಒಡೆದರೆ ಆ ಕೆಲಸ ಬಲ್ಲವರು ಸಿಗುವುದು ಕಷ್ಟ. ಎಷ್ಟೋ ಕಾರ್ಬನ್ ಗಿಟಾರ್‌ಗಳ ಕುತ್ತಿಗೆಯಲ್ಲಿ ಬಾಗು ತಿದ್ದುವ ಟ್ರಸ್ ರಾಡ್ ಕೂಡ ಇರುವುದಿಲ್ಲ. ಬಾಗುವುದಿಲ್ಲ ಅನ್ನುವ ಧೈರ್ಯದ ಮೇಲೆ ಬಿಟ್ಟಿರುತ್ತಾರೆ. ಹಾಗಾಗಿ ಕೊಳ್ಳುವ ದಿನವೇ 12ನೇ ಫ್ರೆಟ್ ಮೇಲೆ ತಂತಿ ಎಷ್ಟು ಎತ್ತರ ಇದೆ ಅಂತ ಸ್ಕೇಲ್ ಹಿಡಿದು ನೋಡಿ. ದಪ್ಪ ತಂತಿ ಸುಮಾರು 2.5 ಮಿಲಿಮೀಟರ್, ಸಣ್ಣದು 2ರ ಆಸುಪಾಸು ಇದ್ದರೆ ಹಿತ. ಇದಕ್ಕೆ ಗಿಟಾರ್ ನುಡಿಸುವವರು 'ಆಕ್ಷನ್' ಅನ್ನುತ್ತಾರೆ.

ಇನ್ನು ಅಕೌಸ್ಟಿಕ್-ಎಲೆಕ್ಟ್ರಿಕ್. ಇಲ್ಲಿ ಜನ ಜಾಸ್ತಿ ಎಡವುತ್ತಾರೆ. ಇದು ಎಲೆಕ್ಟ್ರಿಕ್ ಗಿಟಾರ್ ಅಲ್ಲ. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ತಂತಿ ಅಲುಗಿದ್ದನ್ನು ಅಯಸ್ಕಾಂತ ಹಿಡಿಯುತ್ತದೆ, ಮೈಗೆ ತನ್ನದೇ ದೊಡ್ಡ ದನಿ ಇರುವುದಿಲ್ಲ. ಅಕೌಸ್ಟಿಕ್-ಎಲೆಕ್ಟ್ರಿಕ್ ಅಂದರೆ ಕರೆಂಟ್ ಇಲ್ಲದೆಯೂ ಪೂರ್ತಿ ನುಡಿಯುವ ಗಿಟಾರ್, ಬೇಕಾದಾಗ ಸ್ಪೀಕರ್‌ಗೂ ಹಚ್ಚಬಹುದು.

ಹೇಗೆ ಹಚ್ಚುತ್ತಾರೆ ಅನ್ನುವುದಕ್ಕೆ ಅಳಿಯನನ್ನು ಅಡುಗೆಮನೆಗೆ ಕರೆದೊಯ್ದೆ. ಗ್ಯಾಸ್ ಒಲೆ ಹಚ್ಚುವ ಲೈಟರ್ ಕೈಗೆ ಕೊಟ್ಟು ಒತ್ತು ಅಂದೆ. ಟಕ್ ಅಂತ ಕಿಡಿ ಬಂತು. ಅದರೊಳಗೆ ಸೆಲ್ ಇಲ್ಲ. ಹರಳಿನಂಥ ಒಂದು ವಸ್ತು ಇದೆ, ಅದರ ಮೇಲೆ ಪೆಟ್ಟು ಬಿದ್ದರೆ ವಿದ್ಯುತ್ ಹುಟ್ಟುತ್ತದೆ. 1880ರಲ್ಲಿ ಫ್ರಾನ್ಸ್‌ನ ಜಾಕ್ ಮತ್ತು ಪಿಯರ್ ಕ್ಯೂರಿ ಅಣ್ಣತಮ್ಮಂದಿರು ಕಂಡುಹಿಡಿದ ಗುಣ ಇದು, ಹೆಸರು ಪೀಝೋ. ಗಿಟಾರ್‌ನ ಬ್ರಿಡ್ಜ್ ಮೇಲೆ ತಂತಿ ಕೂರುವ ಬಿಳಿ ಪಟ್ಟಿ ಇದೆಯಲ್ಲ, ಅದರ ಅಡಿಗೆ ಇಂಥದ್ದೇ ಪೀಝೋ ಪಟ್ಟಿ ಇಡುತ್ತಾರೆ. ತಂತಿ ನಡುಗಿದಂತೆ ಅದರ ಮೇಲಿನ ಒತ್ತಡ ಏರಿಳಿಯುತ್ತದೆ, ಆ ಏರಿಳಿತವೇ ಸಣ್ಣ ವಿದ್ಯುತ್ ಆಗಿ ವೈರ್‌ಗೆ ಹೋಗುತ್ತದೆ. ಅದು ತೀರಾ ಮೆಲ್ಲಗಿನದ್ದು, ಹಾಗಾಗಿ ನಡುವೆ ಅದನ್ನು ಜೋರು ಮಾಡುವ ಪ್ರೀಆಂಪ್ ಬೇಕು. ಅದಕ್ಕೆ 9 ವೋಲ್ಟ್ ಬ್ಯಾಟರಿ ಅಥವಾ ಚಾರ್ಜ್ ಆಗುವ ಸೆಲ್. ಪೀಝೋ ದನಿ ಸ್ವಲ್ಪ ಒಣ, ಚೂಪು. ಪ್ರೀಆಂಪ್‌ನಲ್ಲಿ ನಡುಸ್ವರಗಳ (ಮಿಡ್) ಗುಬುಟು ತುಸು ಇಳಿಸಿದರೆ ಕಿವಿಗೆ ಹಿತವಾಗುತ್ತದೆ.

ಈಗಿನ ಕೆಲವು ಗಿಟಾರ್‌ಗಳಲ್ಲಿ ಬೆನ್ನಿಗೆ ಒಳಗಿನಿಂದ ಚಿಕ್ಕ ನಡುಕದ ಯಂತ್ರ ಅಂಟಿಸಿರುತ್ತಾರೆ. ಸ್ಪೀಕರ್ ಇಲ್ಲದೆಯೇ ಮೈಯೇ ಗುಂಯ್ ಅಂತ ಪ್ರತಿಧ್ವನಿ ಕೊಡುತ್ತದೆ. ದರ್ಗಾದ ಕಮಾನಿನ ಕೆಳಗೆ ನಿಂತು ಹಾಡಿದ ಹಾಗೆ. ಮೊದಲ ಸಲ ಕೇಳಿದಾಗ ಮೈ ಜುಮ್ಮೆನ್ನುತ್ತದೆ. ಕಲಿಯುವವರು ಮಾತ್ರ ಅದನ್ನು ಬಂದ್ ಮಾಡಿಯೇ ಅಭ್ಯಾಸ ಮಾಡಲಿ. ಆ ಗುಂಯ್‌ನೊಳಗೆ ತಪ್ಪು ಸ್ವರ ಅಡಗಿಕೊಳ್ಳುತ್ತದೆ.

ಟ್ರಾವೆಲ್ ಅನ್ನುವುದು ಅಳತೆಯ ಮಾತು. ತತ್ವಪದ ಹಾಡುವವರ ಕೈಯಲ್ಲಿ ಏಕತಾರಿ ನೋಡಿದ್ದೀರಲ್ಲ. ಊರಿಂದೂರಿಗೆ ಹೆಗಲ ಮೇಲೆ ಹೋಗುವ ವಾದ್ಯ ಅಂದರೆ ನನಗೆ ಮೊದಲು ನೆನಪಾಗುವುದು ಅದೇ. ಗಿಟಾರ್‌ನಲ್ಲಿ ಟ್ರಾವೆಲ್ ಅಂದರೆ ಮೈ ಚಿಕ್ಕದು, ತಂತಿಯ ನುಡಿಯುವ ಉದ್ದವೂ ಚಿಕ್ಕದು. ದೊಡ್ಡ ಗಿಟಾರ್‌ನಲ್ಲಿ ಈ ಉದ್ದ ಸುಮಾರು 25.5 ಇಂಚು, ಟ್ರಾವೆಲ್‌ನಲ್ಲಿ 23ರ ಆಸುಪಾಸು. ಎರಡೂವರೆ ಇಂಚು ಅಂದರೆ ಸುಮ್ನೆ ಅಲ್ಲ. ಅದೇ ತಂತಿ, ಅದೇ ಶ್ರುತಿ ಇಟ್ಟರೆ ಬಿಗಿತ ಸುಮಾರು ಐದರಲ್ಲಿ ಒಂದು ಪಾಲು ಕಮ್ಮಿ ಆಗುತ್ತದೆ. ಮೊದಲ ಫ್ರೆಟ್‌ನ ಅಗಲ 36 ಮಿಲಿಮೀಟರ್ ಇದ್ದದ್ದು 33ಕ್ಕೆ ಇಳಿಯುತ್ತದೆ. ಒಂದೇ ಬೆರಳನ್ನು ಹಲವು ತಂತಿಗಳ ಮೇಲೆ ಅಡ್ಡ ಒತ್ತಿ ಹಿಡಿಯುವ, ಹೊಸಬರು ಅಳುವಂತೆ ಮಾಡುವ ಎಫ್ ಎಂಬ ಸ್ವರಗುಚ್ಛ (ಕಾರ್ಡ್) ಇದರಲ್ಲಿ ಬೇಗ ಒಲಿಯುತ್ತದೆ. ಆದರೆ ಜೋರಾಗಿ ಬಾರಿಸಿದರೆ ಸಡಿಲ ತಂತಿ ಝರ್ ಅನ್ನುತ್ತದೆ, ಒತ್ತಿ ಹಿಡಿದರೆ ಸ್ವರ ಮೇಲಕ್ಕೆ ಜಾರುತ್ತದೆ. ನಾನು 11ರ ಬದಲು ಇನ್ನೂ ಸ್ವಲ್ಪ ದಪ್ಪದ 12ರ ತಂತಿ ಸೆಟ್ ಹಾಕುತ್ತೇನೆ, ಆಗ ಬಿಗಿ ಬರುತ್ತದೆ. ಮಂದ್ರ ಸ್ವರದ ತುಂಬು ಮಾತ್ರ ಚಿಕ್ಕ ಮೈಯಿಂದ ಬರುವುದಿಲ್ಲ. ಅದಕ್ಕೆ ಉಪಾಯ ಇಲ್ಲ.

ಇಷ್ಟೆಲ್ಲ ಕೇಳಿ ಅಳಿಯ ಒಂದೇ ಮಾತು ಕೇಳಿದ. "ಮತ್ತ ನಾ ಯಾವ್ದು ತಗೊಳ್ಳಿ, ಮಾಮಾ?" ಅವನು ಇರುವುದು ನಾಲ್ಕು ಹುಡುಗರ ಕೋಣೆಯಲ್ಲಿ. ಎರಡು ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಕಲಬುರಗಿ-ಬೀದರ್ ರೈಲು ದಾರಿ 110 ಕಿಲೋಮೀಟರ್, ಬೇಸಿಗೆಯಲ್ಲಿ ಡಬ್ಬಿಯ ತಗಡು ಮುಟ್ಟಲಾಗದಷ್ಟು ಕಾಯುತ್ತದೆ. ಅವನಿಗೆ ಬೇಕಾದದ್ದು ಬಿಸಿಲಿಗೆ, ನೂಕಿಗೆ ಹೆದರದ ವಾದ್ಯ. ಮಿಶ್ರಣದ್ದೇ ಸಾಕು ಅಂದೆ. ಉಳಿದ ದುಡ್ಡಿನಲ್ಲಿ ಎರಡು ಸೆಟ್ ತಂತಿ, ಒಂದು ಗಟ್ಟಿ ಚೀಲ. ನಾನು ನುಡಿಸುವವನಾಗಿ ಲಕ್ಷ ಕೂಡಿಸಿಕೊಂಡರೆ ಬಟ್ಟೆ ಹಾಸಿದ್ದನ್ನೇ ತರುತ್ತೇನೆ, ಅದನ್ನೂ ಅವನಿಗೆ ಮುಚ್ಚಿಡಲಿಲ್ಲ.

ಹದಿನೈದು ದಿನ ಬಿಟ್ಟು ಗಿಟಾರ್ ಹೆಗಲಿಗೆ ಹಾಕಿಕೊಂಡೇ ಬಂದ. ಬಾಗಿಲಲ್ಲೇ ನನ್ನ ಕೈಗೆ ಕೊಟ್ಟ. ಮೈ ಬಿಸಿ ಇತ್ತು, ಆರೂ ತಂತಿ ಶ್ರುತಿ ಇಳಿದಿದ್ದವು. ಕುತ್ತಿಗೆಯ ಅಂಚಿನ ಮೇಲೆ ಹೆಬ್ಬೆರಳು ಜಾರಿಸಿ ನೋಡಿದೆ. ಎಲ್ಲೂ ಚುಚ್ಚಲಿಲ್ಲ. ಶ್ರುತಿ ಮಾಡಿ ಕೊಟ್ಟೆ, ಅಲ್ಲೇ ಕಟ್ಟೆಯ ಮೇಲೆ ಕೂತು ಎಫ್ ಹಿಡಿದು ತೋರಿಸಿದ.