ಜಮೀನಿನ ನೀರು: ಉಳಿಸುವುದು, ಕೆಡದಂತೆ ಕಾಯುವುದು

ಓಡುವ ನೀರನ್ನು ನಡೆಸಿ, ನಡೆಯುವ ನೀರನ್ನು ನಿಲ್ಲಿಸಿ, ನಿಂತ ನೀರನ್ನು ಇಂಗಿಸಿ. ಈ ಮಾತು ಎಲ್ಲರೂ ಕೇಳಿದ್ದೇ. ಇದನ್ನು ನೀರು ಉಳಿಸುವ ಪಾಠದಲ್ಲಿ ಮಾತ್ರ ಓದುತ್ತೇವೆ. ನೀರು ಕೆಡದಂತೆ ಕಾಯುವ ಪಾಠದ ಜೊತೆಗೂ ಇದನ್ನು ಸೇರಿಸಿ ಓದಬೇಕು ಅನ್ನುವುದು ನನ್ನ ಅಭಿಪ್ರಾಯ. ರಭಸವಾಗಿ ಹರಿಯುವ ನೀರು ಬರೀ ತಾನು ಹೋಗುವುದಿಲ್ಲ. ಮಣ್ಣು, ಗೊಬ್ಬರ, ಸಗಣಿ ಎಲ್ಲವನ್ನೂ ಎಳೆದುಕೊಂಡೇ ಹೋಗುತ್ತದೆ.

ಮೊದಲು ಲೆಕ್ಕ. ಒಂದು ಚದರ ಮೀಟರ್ ಜಾಗಕ್ಕೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಅಂದರೆ ಒಂದು ಹೆಕ್ಟೇರಿಗೆ 20 ಮಿ.ಮೀ. ಮಳೆಯಾದರೆ 2 ಲಕ್ಷ ಲೀಟರ್! ಇಷ್ಟು ನೀರಿಗೆ ಮಣ್ಣಿಗಿಂತ ಒಳ್ಳೆಯ ಜಾಗ ಇಲ್ಲ. ಆದರೆ ನೆಲ ಬರಿದಾಗಿದ್ದರೆ ಹನಿಗಳ ಹೊಡೆತಕ್ಕೆ ಮಣ್ಣಿನ ಹರಳು ಒಡೆಯುತ್ತವೆ. ಆ ಪುಡಿ ಸಣ್ಣ ರಂಧ್ರಗಳನ್ನು ಮುಚ್ಚಿ, ಮೇಲೆ ಗಟ್ಟಿ ಪದರ ಕಟ್ಟುತ್ತದೆ. ಆಮೇಲೆ ಬಿದ್ದ ಮಳೆ ಇಂಗದೆ ಹರಿದುಹೋಗುತ್ತದೆ. ಅದಕ್ಕೇ ಬೆಳೆಯ ಉಳಿಕೆಯನ್ನು ಸುಡಬೇಡಿ, ಹೊದಿಕೆಯಾಗಿ ಬಿಡಿ ಎನ್ನುವುದು. ಇಳಿಜಾರಿಗೆ ಅಡ್ಡವಾಗಿ ಉಳುವುದು, ಬದು ಹಾಕುವುದು ಗೊತ್ತಿರುವ ವಿಷಯವೇ.

ಇಲ್ಲಿ ಒಂದು ತೊಡಕಿದೆ, ಪರೀಕ್ಷೆಗೆ ಓದುವವರು ಇದನ್ನು ಬಿಡಬೇಡಿ. ಗೊಬ್ಬರದಲ್ಲಿರುವ ರಂಜಕ (ಫಾಸ್ಫರಸ್) ಹೆಚ್ಚಾಗಿ ಮಣ್ಣಿನ ಕಣಕ್ಕೆ ಅಂಟಿಕೊಂಡು ಹೋಗುತ್ತದೆ. ಹಾಗಾಗಿ ಬದು, ಹಳ್ಳದ ದಂಡೆಯ ಹುಲ್ಲಿನ ಪಟ್ಟಿ ಅದನ್ನು ಬಹುಪಾಲು ತಡೆಯುತ್ತವೆ. ಯೂರಿಯಾದಂಥ ಸಾರಜನಕ ಗೊಬ್ಬರ ಮಣ್ಣಿನಲ್ಲಿ ಬದಲಾಗಿ ಉಂಟಾಗುವ ನೈಟ್ರೇಟ್ ಹಾಗಲ್ಲ. ಅದು ನೀರಲ್ಲಿ ಕರಗಿ, ಇಂಗುವ ನೀರಿನ ಜೊತೆಗೇ ಕೆಳಗಿಳಿದು ಅಂತರ್ಜಲ ಸೇರುತ್ತದೆ. ನೀರು ಚೆನ್ನಾಗಿ ಇಂಗುವ ಜಮೀನಿನಲ್ಲೇ ಈ ಭಯ ಜಾಸ್ತಿ, ಮರಳು ಮಣ್ಣಾದರೆ ಇನ್ನೂ ಜಾಸ್ತಿ. ಇದಕ್ಕೆ ಬದು ಪರಿಹಾರವಲ್ಲ. ಯೂರಿಯಾವನ್ನು ಒಂದೇ ಸಲ ಸುರಿಯದೆ, ಬೆಳೆ ಹೀರುವಷ್ಟನ್ನೇ ಕಂತುಕಂತಾಗಿ ಕೊಡುವುದು ಪರಿಹಾರ. ಜೋರು ಮಳೆ ಬರುವ ಹಾಗಿದ್ದರೆ ಅಂದು ಗೊಬ್ಬರ ಬೇಡ.

ನೈಟ್ರೇಟ್‌ಗೆ ಬಣ್ಣ, ವಾಸನೆ ಇಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 50 ಮಿ.ಗ್ರಾಂ. ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಂಥ ನೀರಿನಲ್ಲಿ ಕಲಸಿದ ಬಾಟಲಿ ಹಾಲು ಕುಡಿಯುವ ಎಳೆಮಕ್ಕಳಿಗೆ ಅಪಾಯ ಹೆಚ್ಚು. ಕುದಿಸಿದರೆ ರೋಗಾಣು ಸಾಯುತ್ತವೆ ನಿಜ, ಆದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ, ಅಷ್ಟೇ. ನೈಟ್ರೇಟ್ ಎಷ್ಟಿದೆ ಎಂದು ತಿಳಿಯಲು ನೀರನ್ನು ಪರೀಕ್ಷೆ ಮಾಡಿಸುವುದೊಂದೇ ದಾರಿ.

ಬೋರ್‌ವೆಲ್‌ನ ಬಾಯಿ ಕಡೆಗೂ ಗಮನ ಬೇಕು. ಮಣ್ಣು ಕುಸಿಯದಂತೆ ಒಳಗೆ ಇಳಿಸುವ ಕೇಸಿಂಗ್ ಪೈಪಿನ ಬಾಯಿ ನೆಲಕ್ಕಿಂತ ಎತ್ತರ ಇರಲಿ, ಸುತ್ತಲಿನ ಸಿಮೆಂಟ್ ಕಟ್ಟೆ ಹೊರಕ್ಕೆ ಇಳಿಜಾರಾಗಿರಲಿ. ತಿಪ್ಪೆ, ಕೊಟ್ಟಿಗೆ ಬಾವಿಗಿಂತ ತಗ್ಗಿನಲ್ಲಿ, ದೂರದಲ್ಲಿ ಇರಬೇಕು. ಬತ್ತಿದ ಬೋರ್‌ವೆಲ್ ಸುಮ್ನೆ ಬಿಟ್ಟರೆ ಕೊಳೆ ನೇರವಾಗಿ ಅಂತರ್ಜಲಕ್ಕೆ ಇಳಿಯಲು ದಾರಿ ಮಾಡಿಕೊಟ್ಟಂತೆ. ಮಕ್ಕಳಿಗಂತೂ ಪ್ರಾಣಾಪಾಯ. ಅದನ್ನು ಸರಿಯಾಗಿ ಮುಚ್ಚಲೇಬೇಕು.

ಇನ್ನೊಂದು, ಯಾರೂ ಅಷ್ಟಾಗಿ ಹೇಳದ ವಿಷಯ. ಔಷಧಿ ಸಿಂಪಡಿಸುವ ಟ್ಯಾಂಕ್ ತುಂಬಿಸುವಾಗ ಪೈಪಿನ ತುದಿಯನ್ನು ಔಷಧಿ ನೀರಿನೊಳಗೆ ಮುಳುಗಿಸಿ ಬಿಡುವವರು ಬಹಳ ಮಂದಿ. ಅಷ್ಟರಲ್ಲಿ ಕರೆಂಟ್ ಹೋಗಿ ಪಂಪ್ ನಿಂತರೆ? ಪೈಪಿನಲ್ಲಿರುವ ನೀರು ಹಿಂದಕ್ಕೆ ಇಳಿಯುತ್ತಾ ಔಷಧಿಯನ್ನೂ ಬಾವಿಯತ್ತ ಎಳೆದುಕೊಳ್ಳಬಹುದು. ಪೈಪಿನ ತುದಿ ಯಾವಾಗಲೂ ಟ್ಯಾಂಕಿನ ನೀರಿಗಿಂತ ಮೇಲೆ ಇರಲಿ. ಹನಿ ನೀರಾವರಿಯಲ್ಲಿ ಗೊಬ್ಬರ ಕೊಡುವವರು ಗೊಬ್ಬರ ಸೇರುವ ಜಾಗಕ್ಕಿಂತ ಮೊದಲೇ, ಪಂಪಿನ ಕಡೆಗೆ, ನಾನ್ ರಿಟರ್ನ್ ವಾಲ್ವ್ (ನೀರು ಹಿಂದಕ್ಕೆ ಬರದಂತೆ ತಡೆಯುವ ಕವಾಟ) ಹಾಕಿಸಿಕೊಳ್ಳಬೇಕು.