ಕೆಂಪು ಕೋಸಿಗೆ ಮೊದಲೇ ಹುಳಿ ಯಾಕೆ?

ನಮ್ಮ ಕಡೆ ಹುಳಿ ಮಾಡುವವರಿಗೆ ಒಂದು ವಿಷಯ ಯಾರೂ ಹೇಳಿಕೊಡಬೇಕಿಲ್ಲ. ತರಕಾರಿ, ಬೇಳೆ ಚೆನ್ನಾಗಿ ಬೆಂದ ಮೇಲೆಯೇ ಹುಣಸೆರಸ. ಮೊದಲೇ ಹಾಕಿದರೆ ತರಕಾರಿ ಎಷ್ಟು ಹೊತ್ತು ಕುದಿಸಿದರೂ ಗಟ್ಟಿಯಾಗಿಯೇ ಕೂತಿರುತ್ತದೆ. ಜರ್ಮನಿಯಲ್ಲಿ ಕೆಂಪು ಎಲೆಕೋಸು ಬೇಯಿಸುವವರು ಇದಕ್ಕೆ ಪೂರ್ತಿ ಉಲ್ಟಾ. ಕೋಸು ಪಾತ್ರೆಗೆ ಬಿದ್ದ ಐದು ನಿಮಿಷಕ್ಕೇ ವಿನೆಗರ್ ಸುರಿಯುತ್ತಾರೆ. ಜತೆಗೆ ಹುಳಿ ಸೇಬು, ಎಷ್ಟೋ ಮನೆಗಳಲ್ಲಿ ರೆಡ್ ವೈನ್ ಕೂಡ. ಆಮೇಲೆ ಮುಚ್ಚಳ ಮುಚ್ಚಿ ಒಂದು, ಒಂದೂವರೆ ಗಂಟೆ ಸಣ್ಣ ಉರಿಯಲ್ಲಿ ಬಿಟ್ಟುಬಿಡುತ್ತಾರೆ. ಕೋಸಿಗೆ ಒಂದೂವರೆ ಗಂಟೆ! ನಮ್ಮ ಕೋಸಿನ ಪಲ್ಯ ಅಷ್ಟರಲ್ಲಿ ಬೆಂದು, ಬಡಿಸಿ, ಪಾತ್ರೆಯೂ ತೊಳೆದಾಗಿರುತ್ತದೆ.

ಇಬ್ಬರ ಲೆಕ್ಕವೂ ಸರಿಯೇ. ಅವರಿಗೆ ಕಾಪಾಡಬೇಕಾದ ಒಂದು ಬಣ್ಣವಿದೆ, ನಮ್ಮ ಹುಳಿಗೆ ಆ ಚಿಂತೆ ಇಲ್ಲ. ಆ ಬಣ್ಣಕ್ಕೆ ಹುಳಿ ಬೇಕು, ಕೋಸು ಮೆತ್ತಗಾಗಲು ಹುಳಿ ಬೇಡ. ಈ ಜಗಳವನ್ನು ಅವರು ಸಮಯ ಕೊಟ್ಟು ಬಗೆಹರಿಸಿಕೊಂಡಿದ್ದಾರೆ.

ಇದು ಚಳಿಗಾಲದ ಅಡುಗೆ, ಹಬ್ಬದ ಅಡುಗೆ. ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬಕ್ಕೆ ಜರ್ಮನಿಯಲ್ಲಿ ಹೆಬ್ಬಾತು ಸುಡುತ್ತಾರೆ. ಅದರ ಪಕ್ಕದಲ್ಲಿ ಆಲೂಗಡ್ಡೆಯ ಉಂಡೆ, ಈ ಕೆಂಪು ಕೋಸು. ಕ್ರಿಸ್ಮಸ್‌ಗೂ ಇದೇ ಜೋಡಿ. ಡೆನ್ಮಾರ್ಕಿನಲ್ಲಿ ಡಿಸೆಂಬರ್ 24ರ ರಾತ್ರಿ ಹಂದಿಮಾಂಸ ಅಥವಾ ಬಾತಿನ ಜತೆ ಕೆಂಪು ಕೋಸು ಇಲ್ಲದಿದ್ದರೆ ಊಟವೇ ಆಗಿಲ್ಲ ಎನ್ನುವಷ್ಟು ರೂಢಿ. ಅಲ್ಲಿ ಸ್ವಲ್ಪ ಸಿಹಿ ಜಾಸ್ತಿ, ರೆಡ್‌ಕರಂಟ್ ಹಣ್ಣಿನ ರಸವನ್ನೋ ಜೆಲ್ಲಿಯನ್ನೋ ಸೇರಿಸುತ್ತಾರೆ. ಪೋಲೆಂಡಿನ ಸೈಲೀಶಿಯಾದಲ್ಲಿ ಭಾನುವಾರದ ಊಟವೆಂದರೆ ಗೋಮಾಂಸದ ಸುರುಳಿ, ಆಲೂಗಡ್ಡೆಯ ಕಡುಬು, ಕೆಂಪು ಕೋಸು. ನೆದರ್ಲೆಂಡ್ಸ್‌ನಲ್ಲಿ ಸೇಬಿನ ಜತೆ, ಫ್ರಾನ್ಸಿನ ಕೆಲವು ಕಡೆ ಚೆಸ್ಟ್‌ನಟ್ ಜತೆ. ಮಾಡುವ ಕ್ರಮ ಮಾತ್ರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಕೊಬ್ಬು, ಹುಳಿ, ಸಿಹಿ, ಸ್ವಲ್ಪವೇ ನೀರು, ತುಂಬಾ ಹೊತ್ತು.

ಈಗ ಬಣ್ಣಕ್ಕೆ ಬರೋಣ. ಕೆಂಪು ಕೋಸನ್ನು ಅಡ್ಡ ಕತ್ತರಿಸಿ ಒಂದು ಎಲೆಯ ಅಂಚನ್ನು ಗಮನಿಸಿ. ಎರಡು ಕಡೆಯ ಮೇಲ್ಪದರ ನೇರಳೆ, ನಡುವೆ ಬಿಳಿ. ಬಣ್ಣ ಇರುವುದು ಹೊರಗಿನ ಕೆಲವೇ ಸಾಲು ಕೋಶಗಳಲ್ಲಿ, ಅದೂ ಕೋಶದೊಳಗಿನ ರಸದ ಚೀಲದಲ್ಲಿ. ಇದರ ಹೆಸರು ಆಂಥೋಸಯಾನಿನ್. ಇದು ಒಂದೇ ವಸ್ತುವಲ್ಲ, ಒಂದು ದೊಡ್ಡ ಕುಟುಂಬ. ನೇರಳೆಹಣ್ಣಿನಲ್ಲಿ, ಕಪ್ಪು ದ್ರಾಕ್ಷಿಯಲ್ಲಿ, ದಾಸವಾಳದಲ್ಲಿ ಇರುವುದೂ ಇದೇ ಕುಟುಂಬದವರು. ಇವು ನೀರಿನಲ್ಲಿ ಕರಗುತ್ತವೆ, ಕೊಬ್ಬಿನಲ್ಲಿ ಕರಗುವುದಿಲ್ಲ. ಹಾಗಾಗಿ ಕೋಸನ್ನು ಹೆಬ್ಬಾತಿನ ಕೊಬ್ಬಿನಲ್ಲೋ ಬೆಣ್ಣೆಯಲ್ಲೋ ಹುರಿದರೆ ಬಣ್ಣ ಕದಲುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ ಅದರಲ್ಲಿ ಹಾಕಿದರೆ ಬಣ್ಣವೆಲ್ಲ ನೀರಿಗೆ, ನೀರು ಬಚ್ಚಲಿಗೆ.

ಆಂಥೋಸಯಾನಿನ್‌ನ ಬಣ್ಣ ಸುತ್ತಲಿನ ಹುಳಿಯನ್ನು ನೋಡಿಕೊಂಡು ಬದಲಾಗುತ್ತದೆ. ಹುಳಿಯನ್ನು ಅಳೆಯುವುದು ಪಿಎಚ್ ಎಂಬ ಅಳತೆಯಲ್ಲಿ. ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ, 7 ಎಂದರೆ ಹುಳಿಯೂ ಇಲ್ಲ, ಕ್ಷಾರವೂ ಇಲ್ಲ. ಹಸಿ ಕೋಸಿನ ರಸ 6ರ ಆಸುಪಾಸು, ಆದ್ದರಿಂದ ನೇರಳೆ. 4ಕ್ಕಿಂತ ಕೆಳಗೆ ಇಳಿದಂತೆ ಕೆಂಪು ಏರುತ್ತದೆ. 7 ದಾಟಿದರೆ ನೀಲಿ, ಇನ್ನೂ ಮೇಲೆ ಹೋದರೆ ಹಸಿರು, ಕೊನೆಗೆ ಅಣುವೇ ಮುರಿದು ಹಳದಿ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಲಿಟ್ಮಸ್, ಅರಿಶಿನದ ಪಕ್ಕದಲ್ಲೇ ಕೆಂಪು ಕೋಸಿನ ಹೆಸರೂ ಬರುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಎಷ್ಟು ಜನರಿಗೆ ಅಡುಗೆಮನೆಯಲ್ಲಿ ನೆನಪಾಗುತ್ತೋ ಗೊತ್ತಿಲ್ಲ. ಕೋಸು ಹೆಚ್ಚಿದ ಮಣೆಯನ್ನು ಸೋಪು ಹಾಕಿ ಉಜ್ಜಿದಾಗ ನೊರೆ ನೀಲಿಯಾಗುತ್ತದೆ ಅಲ್ವಾ, ಅದು ಇದೇ ಪ್ರಯೋಗ.

ಈ ಬಣ್ಣಗಳ ಗುಟ್ಟು ಬಿಡಿಸಲು ಮೊದಲು ಕೈಹಾಕಿದವರಲ್ಲಿ ಜರ್ಮನಿಯ ರಿಚರ್ಡ್ ವಿಲ್‌ಸ್ಟೆಟರ್ ಮುಖ್ಯರು. ಕಾರ್ನ್‌ಫ್ಲವರ್ ಎಂಬ ನೀಲಿ ಹೂವಿನ ಬಣ್ಣವನ್ನು ಅವರು 1913ರ ಹೊತ್ತಿಗೆ ಬೇರ್ಪಡಿಸಿದರು. ಆಮೇಲೆ ಕೆಂಪು ಗುಲಾಬಿಯಲ್ಲೂ ಅದೇ ಮೂಲವಸ್ತು ಸಿಕ್ಕಿತು, ಹೆಸರು ಸಯಾನಿಡಿನ್. ಕೆಂಪು ಕೋಸಿನ ಬಣ್ಣದ ಬುಡದಲ್ಲಿ ಇರುವುದೂ ಸಯಾನಿಡಿನ್ನೇ. ಸಸ್ಯಗಳ ಬಣ್ಣದ ಮೇಲಿನ ಕೆಲಸಕ್ಕೆ 1915ರಲ್ಲಿ ವಿಲ್‌ಸ್ಟೆಟರ್ ಅವರಿಗೆ ನೊಬೆಲ್ ಬಂತು. ಗುಲಾಬಿ ಕೆಂಪಾಗಿ, ಕಾರ್ನ್‌ಫ್ಲವರ್ ನೀಲಿಯಾಗಿ ಕಾಣಲು ಹೂವಿನ ರಸದ ಹುಳಿಯೇ ಕಾರಣ ಎಂದು ಅವರು ತಿಳಿದಿದ್ದರು. ಹೂವಿನ ಮಟ್ಟಿಗೆ ಅದು ಪೂರ್ತಿ ಸರಿಯಿರಲಿಲ್ಲ. ಕಾರ್ನ್‌ಫ್ಲವರ್ ನೀಲಿಯಲ್ಲಿ ಕಬ್ಬಿಣ, ಮೆಗ್ನೀಸಿಯಂ, ಕ್ಯಾಲ್ಸಿಯಂ ಸೇರಿಕೊಂಡಿರುವುದನ್ನು ಜಪಾನಿನ ವಿಜ್ಞಾನಿಗಳು 2005ರಲ್ಲಿ ಅದರ ಅಣುರಚನೆ ಸಮೇತ ತೋರಿಸಿದರು. ಲೋಹದ ಈ ಮಾತು ಮುಂದೆ ಬಾಣಲೆಯ ವಿಷಯದಲ್ಲಿ ಮತ್ತೆ ಬರುತ್ತದೆ.

ಇಲ್ಲಿ ಒಂದು ತಕರಾರು ಏಳಬೇಕು. ನೀಲಿಯಾದ ಕೋಸಿನ ಮೇಲೆ ವಿನೆಗರ್ ಹಾಕಿದರೆ ಮತ್ತೆ ಕೆಂಪಾಗುತ್ತದೆ. ಹಾಗಿದ್ದರೆ ನಮ್ಮ ಥರ ಮೊದಲು ಬೇಯಿಸಿ, ಕೊನೆಗೆ ಹುಳಿ ಹಾಕಿದರೆ ಸಾಕಲ್ಲ? ಸಾಲದು. ಬಣ್ಣದ ಅಣು ಹುಳಿಯಲ್ಲಿ ಗಟ್ಟಿ, ಹುಳಿ ಇಲ್ಲದ ಕಡೆ ಬಿಸಿ ತಾಗಿದರೆ ಬೇಗ ಒಡೆಯುತ್ತದೆ. ಒಡೆದದ್ದನ್ನು ವಿನೆಗರ್ ಮತ್ತೆ ಜೋಡಿಸಲಾರದು. ಬರೀ ನೀರಿನಲ್ಲಿ ಗಂಟೆಗಟ್ಟಲೆ ಬೆಂದ ಕೋಸಿಗೆ ಕೊನೆಗೆ ಹುಳಿ ಹಾಕಿದರೆ ಬರುವುದು ಮಂಕು ಗುಲಾಬಿ. ಮೊದಲೇ ಹಾಕಿದರೆ ಉಳಿಯುವುದು ಕಡುಗೆಂಪು. ಹಾಗೆ ನೋಡಿದರೆ ಕೋಸಿನ ಆಂಥೋಸಯಾನಿನ್ ತನ್ನ ಕುಟುಂಬದಲ್ಲೇ ಗಟ್ಟಿಗ. ಅದರ ಸಕ್ಕರೆಯ ಬಾಲಕ್ಕೆ ಸಿನಾಪಿಕ್, ಫೆರುಲಿಕ್ ಎಂಬ ಆಮ್ಲಗಳು ಅಂಟಿಕೊಂಡಿರುತ್ತವೆ. ಅವು ಮಡಚಿಕೊಂಡು ಬಣ್ಣದ ಭಾಗದ ಮೇಲೆ ಕೊಡೆಯಂತೆ ನಿಂತು ನೀರಿನ ದಾಳಿ ತಡೆಯುತ್ತವೆ. ಇಷ್ಟು ಹೊತ್ತು ಬೆಂದರೂ ಬಣ್ಣ ಉಳಿಯುವುದರಲ್ಲಿ ಈ ರಚನೆಯ ಪಾಲು ದೊಡ್ಡದು.

ಇನ್ನು ಮೆತ್ತಗಾಗುವ ಕಡೆ. ಸಸ್ಯದ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ತರಕಾರಿ ಬೇಯುವುದು ಎಂದರೆ ಮುಖ್ಯವಾಗಿ ಈ ಪೆಕ್ಟಿನ್ ತುಂಡಾಗಿ ಕರಗುವುದು. ಹುಳಿ ಇಲ್ಲದ ಬಿಸಿನೀರಿನಲ್ಲಿ ಅದರ ಸರಪಣಿ ಸುಲಭವಾಗಿ ತುಂಡಾಗುತ್ತದೆ. ಅಡುಗೆ ಸೋಡಾ ಹಾಕಿದರೆ ಇನ್ನೂ ಬೇಗ. ಪಿಎಚ್ 4ರ ಸುತ್ತಮುತ್ತ ಮಾತ್ರ ಅದು ತುಂಬಾ ಹಟಮಾರಿ. ಕೋಸಿಗೆ ಕೆಂಪು ಏರುವ ಜಾಗವೂ ಅದೇ! ಹುಣಸೆರಸ ಕೊನೆಗೆ ಎನ್ನುವ ನಮ್ಮ ಪಾಠದ ಹಿಂದೆ ಇರುವುದು ಇದೇ ಪೆಕ್ಟಿನ್. ಜರ್ಮನ್ ಅಡುಗೆಯವರಿಗೆ ಆ ದಾರಿ ಇಲ್ಲ, ಅದಕ್ಕೇ ಒಂದೂವರೆ ಗಂಟೆ. ಇದರಲ್ಲಿ ಒಂದು ಲಾಭವೂ ಇದೆ. ಅಷ್ಟು ಹೊತ್ತು ಬೆಂದರೂ ಕೋಸು ಗಂಜಿಯಾಗುವುದಿಲ್ಲ. ಎಳೆ ಎಳೆಯಾಗಿಯೇ ಇರುತ್ತದೆ, ಹಲ್ಲಿಗೆ ಸಿಕ್ಕಿದ ತಕ್ಷಣ ಮಣಿಯುತ್ತದೆ. ಬೇರೆ ಯಾವ ಕೋಸಿನ ಅಡುಗೆಯಲ್ಲೂ ಈ ಹದ ಸಿಗುವುದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ನೀರೂ ಕೈಕೊಡುತ್ತದೆ. ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯಲ್ಲ ಎಂಬ ದೂರು ನಮ್ಮೂರುಗಳಲ್ಲಿ ಹಳೆಯದು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಪೆಕ್ಟಿನ್ನಿನ ಸರಪಣಿಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಸುಣ್ಣಕಲ್ಲಿನ ನೆಲದಿಂದ ಬಂದ ನೀರಾದರೆ ಸ್ವಲ್ಪ ಕ್ಷಾರವೂ ಇದ್ದು ಕೋಸನ್ನು ನೀಲಿಯ ಕಡೆ ಎಳೆಯುತ್ತದೆ. ಅಂದರೆ ಎರಡು ಕಡೆಯಿಂದಲೂ ನಷ್ಟ. ನೀರಿನ ಬದಲು ವೈನ್ ಅಥವಾ ಸೇಬಿನ ರಸ ಹಾಕುವುದು ಬರೀ ರುಚಿಗಲ್ಲ.

ಉರಿಯಲ್ಲೂ ಒಂದು ಸೂಕ್ಷ್ಮ ಇದೆ. 50ರಿಂದ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ತರಕಾರಿಯೊಳಗಿನ ಒಂದು ಕಿಣ್ವ ಚುರುಕಾಗಿ, ಪೆಕ್ಟಿನ್ ಕ್ಯಾಲ್ಸಿಯಂ ಹಿಡಿದುಕೊಳ್ಳುವಂತೆ ಮಾಡುತ್ತದೆ. ಆ ಬಿಸಿಯಲ್ಲಿ ತುಂಬಾ ಹೊತ್ತು ಇದ್ದ ತರಕಾರಿ ಆಮೇಲೆ ಎಷ್ಟು ಕುದಿಸಿದರೂ ಪೂರ್ತಿ ಮೆತ್ತಗಾಗುವುದಿಲ್ಲ. ಆದ್ದರಿಂದ ಶುರುವಿಗೆ ಜೋರು ಉರಿಯಲ್ಲಿ ಹುರಿದು, ಕಿಣ್ವ ಕೆಲಸ ಮಾಡುವ ಬಿಸಿಯನ್ನು ಬೇಗ ದಾಟಿಸಬೇಕು. ಸಣ್ಣ ಉರಿ ಆಮೇಲೆ.

ಸೇಬಿನ ಪಾತ್ರ ನನಗೆ ಬಹಳ ಇಷ್ಟ. ವಿನೆಗರಿನ ಅಸಿಟಿಕ್ ಆಮ್ಲ ಸ್ವಲ್ಪ ಸ್ವಲ್ಪವಾಗಿ ಹಬೆಯ ಜತೆ ಹಾರಿಹೋಗುತ್ತದೆ, ಅಡುಗೆಮನೆಯಲ್ಲಿ ಮೂಗಿಗೆ ಹೊಡೆಯುವುದು ಅದೇ. ಸೇಬಿನ ಮ್ಯಾಲಿಕ್ ಆಮ್ಲ ಹಾರುವುದಿಲ್ಲ, ಕೊನೆತನಕ ಪಾತ್ರೆಯಲ್ಲೇ ಇರುತ್ತದೆ. ಯುರೋಪಿನಲ್ಲಿ ಇದಕ್ಕೆ ಬೋಸ್ಕೂಪ್ ಎಂಬ ಹುಳಿ ಸೇಬನ್ನು ಮೆಚ್ಚುತ್ತಾರೆ. ನೆದರ್ಲೆಂಡ್ಸ್‌ನ ಬೋಸ್ಕೂಪ್ ಊರಿನಲ್ಲಿ 19ನೇ ಶತಮಾನದಲ್ಲಿ ಸಿಕ್ಕ ತಳಿ ಅದು. ಬೆಂದಾಗ ಕರಗಿ ಗೊಜ್ಜಾಗುತ್ತದೆ, ಅದರ ಪೆಕ್ಟಿನ್ ರಸಕ್ಕೆ ಮಂದ ಕೊಡುತ್ತದೆ. ಬೆಲ್ಜಿಯಂ ಕಡೆಯ ಫ್ಲೆಮಿಶ್ ರೀತಿಯಲ್ಲಿ ವಿನೆಗರ್ ಮೊದಲಿಗೆ, ಸೇಬು ಕೋಸು ಮುಕ್ಕಾಲು ಬೆಂದ ಮೇಲೆ. ಹಾಗೆ ಮಾಡಿದರೆ ಹೋಳು ಹೋಳಾಗಿ ಬಾಯಿಗೆ ಸಿಗುತ್ತದೆ. ಎರಡೂ ಚೆನ್ನ.

ಲವಂಗ, ಲಾರೆಲ್ ಎಲೆ, ಜುನಿಪರ್ ಕಾಯಿ, ಕೆಲವರಲ್ಲಿ ಚಕ್ಕೆ: ಮಸಾಲೆ ಇಷ್ಟೇ. ಕೋಸು ಜಾಸ್ತಿ ಬೆಂದಾಗ ಗಂಧಕದ ಸಂಯುಕ್ತಗಳ ವಾಸನೆ ಏಳುತ್ತದೆ. ಲವಂಗದ ಯೂಜಿನಾಲ್ ಅದನ್ನು ಹಿಂದಕ್ಕೆ ತಳ್ಳುತ್ತದೆ. ನಮ್ಮ ಪಲಾವ್ ಎಲೆ ಲಾರೆಲ್‌ಗಿಂತ ಬೇರೆ ಮರದ್ದು, ಪರಿಮಳವೂ ಬೇರೆ, ಆದರೆ ಇಲ್ಲಿ ಹಾಕಿದರೆ ಕೆಡುವುದೇನಿಲ್ಲ.

ಬಾಣಲೆ ಮಾತ್ರ ಅಲ್ಯೂಮಿನಿಯಂದು, ಬರೀ ಕಬ್ಬಿಣದ್ದು ಬೇಡ. ಹುಳಿ ಲೋಹವನ್ನು ಕರಗಿಸುತ್ತದೆ, ಲೋಹ ಆಂಥೋಸಯಾನಿನ್ನಿಗೆ ಅಂಟಿಕೊಂಡು ಬಣ್ಣ ಕೆಡಿಸುತ್ತದೆ. ಅಡುಗೆಯವರು ದೂರ ಇಡುವ ಇದೇ ಅಂಟನ್ನು ವಿಜ್ಞಾನಿಗಳು ಬೇಕೆಂದೇ ಬಳಸಿದ್ದೂ ಉಂಟು. ಮಿಠಾಯಿಗೆ ಹಾಕುವ ನೀಲಿ ಬಣ್ಣ ಸಾಮಾನ್ಯವಾಗಿ ಕೃತಕ, ಗಿಡಗಳಲ್ಲಿ ಅಂಥ ನೀಲಿ ಸಿಗುವುದು ಅಪರೂಪ. ಮಾರ್ಸ್ ಕಂಪನಿ, ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಜಪಾನಿನ ನಗೋಯಾ ವಿಶ್ವವಿದ್ಯಾಲಯ ಮತ್ತಿತರ ಕಡೆಯ ಸಂಶೋಧಕರು 2021ರಲ್ಲಿ ಕೆಂಪು ಕೋಸಿನಿಂದಲೇ ಅದನ್ನು ತೆಗೆದರು. ಒಂದು ಅಲ್ಯೂಮಿನಿಯಂ ಅಯಾನಿನ ಸುತ್ತ ಒಂದು ನಿರ್ದಿಷ್ಟ ಆಂಥೋಸಯಾನಿನ್ನಿನ ಮೂರು ಅಣು ಸೇರಿದರೆ ಆ ನೀಲಿ. ಕೋಸಿನ ಒಟ್ಟು ಆಂಥೋಸಯಾನಿನ್ನಿನಲ್ಲಿ ಅದರ ಪಾಲು ಶೇಕಡಾ 5ಕ್ಕಿಂತ ಕಡಿಮೆ. ಹಾಗಾಗಿ ಉಳಿದವನ್ನೂ ಅದಾಗಿ ಬದಲಿಸುವ ಕಿಣ್ವವೊಂದನ್ನು ರೂಪಿಸಬೇಕಾಯಿತು.

ಮನೆಯಲ್ಲಿ ಮಾಡುವುದಾದರೆ ಸ್ಟೀಲ್ ಪಾತ್ರೆ ಸಾಕು, ದಪ್ಪ ತಳದ್ದಿರಲಿ. ಒಂದು ಕಿಲೋ ಕೋಸನ್ನು ತೆಳ್ಳಗೆ ಹೆಚ್ಚಿ. ಹೆಬ್ಬಾತಿನ ಕೊಬ್ಬು ಎಲ್ಲಿ ತರೋದು, ಎರಡು ಚಮಚ ಬೆಣ್ಣೆಯೋ ತುಪ್ಪವೋ ಆಗುತ್ತದೆ. ಅದರಲ್ಲಿ ಒಂದು ಈರುಳ್ಳಿ ಬಾಡಿಸಿ, ಒಂದು ಚಮಚ ಸಕ್ಕರೆ ಹಾಕಿ, ಕೋಸನ್ನು ಜೋರು ಉರಿಯಲ್ಲಿ ನಾಲ್ಕೈದು ನಿಮಿಷ ತಿರುವಿ. ಮೂರು ದೊಡ್ಡ ಚಮಚ ವಿನೆಗರ್, ಉಪ್ಪು, ಎರಡು ಹಸಿರು ಹುಳಿ ಸೇಬಿನ ಹೋಳು, ಮೂರು ಲವಂಗ, ಒಂದು ಲೋಟ ವೈನ್ ಅಥವಾ ಸೇಬಿನ ರಸ. ಮುಚ್ಚಿ ಸಣ್ಣ ಉರಿಯಲ್ಲಿ ಬಿಡಿ, ತಳ ಹಿಡಿಯದಂತೆ ಆಗಾಗ ಕೈಯಾಡಿಸಿ. ಕುಕ್ಕರ್‌ನಲ್ಲಿ ಇಟ್ಟರೆ ಬೇಗ ಆಗುತ್ತದೆ ನಿಜ, ಆದರೆ ರಸ ಆವಿಯಾಗಿ ಇಂಗುವುದಿಲ್ಲ, ನೀರುನೀರಾಗಿ ಉಳಿಯುತ್ತದೆ. ಇಳಿಸುವ ಮೊದಲು ರುಚಿ ನೋಡಿ. ಹಾರಿಹೋದ ಹುಳಿಯ ಬದಲಿಗೆ ಇನ್ನೊಂದು ಚಮಚ ವಿನೆಗರ್ ಬೇಕಾಗಬಹುದು.

ಅಲ್ಲಿನವರು ಇದನ್ನು ಹಬ್ಬದ ಹಿಂದಿನ ದಿನವೇ ಮಾಡಿಡುತ್ತಾರೆ. ರಾತ್ರಿಯಿಡೀ ಹುಳಿ, ಸಿಹಿ, ಲವಂಗದ ಘಮ ಎಳೆಯೊಳಗೆ ಇಳಿಯಲು ಸಮಯ ಸಿಗುತ್ತದೆ. ಮಾರನೆಯ ದಿನ ಒಲೆ, ಓವನ್ ಎರಡೂ ಹೆಬ್ಬಾತಿಗೆ ಬೇಕಲ್ಲ, ಕೋಸನ್ನು ಬಿಸಿ ಮಾಡಿದರೆ ಮುಗಿಯಿತು.